ಎರಡು ಬಟಾಣಿಗಳ ನಡುವೆ

ನನಗೆ ನಕ್ಷತ್ರ ಕಾಣುವುದಿಲ್ಲ. ಹುಟ್ಟಿನಿಂದಲೇ ಕಣ್ಣಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಗೊತ್ತಾದವರು 'ಅಯ್ಯೋ' ಅಂತ ಉದ್ದಕ್ಕೆ ಉಸಿರು ಬಿಡುತ್ತಾರೆ, ಅದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಕಣ್ಣಿದ್ದವರು ಏನು ಮಹಾ ಕಂಡುಬಿಟ್ಟಿದ್ದಾರೆ? ಈ ವಿಶ್ವದಲ್ಲಿ ನಮಗೆ ಗೊತ್ತಿರುವ ವಸ್ತು ನೂರಕ್ಕೆ ಐದು ಪಾಲು ಅಷ್ಟೆ. ಮಿಕ್ಕಿದ್ದೆಲ್ಲ ಯಾವ ದೂರದರ್ಶಕಕ್ಕೂ ಕಾಣದ ಕಪ್ಪು ವಸ್ತು, ಕಪ್ಪು ಶಕ್ತಿ. ನನ್ನ ಪರೀಕ್ಷೆ ಪುಸ್ತಕದ ಒಂದನೇ ಪಾಠದಲ್ಲೇ ಇದು ಬರುತ್ತದೆ. ಕೇಳಿದ ದಿನ ನಾನು ಒಬ್ಬಳೇ ಕೂತು ಹೊಟ್ಟೆ ತುಂಬ ನಕ್ಕಿದ್ದೆ. ಬನ್ನಿ, ಎಲ್ಲರೂ ನನ್ನ ಪಕ್ಕಕ್ಕೇ ಬಂದು ಕೂರಿ.

ನಾನು ಒಂದು ದೊಡ್ಡ ಆಸ್ಪತ್ರೆಯಲ್ಲಿ ಟೆಲಿಫೋನ್ ಬೋರ್ಡ್ ನೋಡಿಕೊಳ್ಳುವವಳು. ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗದ ಪಕ್ಕ ನನ್ನ ಕೋಣೆ. ಗೋಡೆಯಾಚೆ ಯಂತ್ರಗಳು ಗುಡುಗುಟ್ಟುತ್ತವೆ, ಬಾಗಿಲ ಸಂದಿಯಿಂದ ಬಿಸಿ ಸೋಪಿನ ವಾಸನೆ ಬರುತ್ತದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತರೆ ಸಂಜೆವರೆಗೆ ಕರೆಗಳೇ ಕರೆಗಳು. "ಆಸ್ಪತ್ರೆ, ಹೇಳಿ." ಹೆರಿಗೆ ವಾರ್ಡು ಬೇಕೆನ್ನುತ್ತಾರೆ, ಕೊಡುತ್ತೇನೆ. ಮೂಳೆ ಡಾಕ್ಟರು ಬೇಕೆನ್ನುತ್ತಾರೆ, ಕೊಡುತ್ತೇನೆ. ಊರಿನ ಮಂದಿಯೆಲ್ಲ ನನ್ನ ಮೂಲಕ ಮಾತಾಡುತ್ತಾರೆ, ನನ್ನ ಜೊತೆ ಯಾರೂ ಮಾತಾಡುವುದಿಲ್ಲ. ಸಂಜೆ, ಬಾಗಿಲು ಮುಚ್ಚಿಹೋದ ಒಂದು ಚಪ್ಪಲಿ ಅಂಗಡಿಯ ಮೇಲಿರುವ ನನ್ನ ಬಾಡಿಗೆ ಕೋಣೆಗೆ ಬಂದು ಬೀಗ ತೆಗೆದರೆ, ಬೆಳಗ್ಗೆ ನಾನು ಕುರ್ಚಿಯನ್ನು ಎಲ್ಲಿಟ್ಟಿದ್ದೆನೋ ಅಲ್ಲೇ ಇರುತ್ತದೆ. ಕುರುಡರಿಗೆ ಅದು ಅನುಕೂಲ ಅನ್ನುತ್ತಾರೆ. ಯಾರಾದರೂ ಬಂದು ಒಂದು ಸಲ ಆ ಕುರ್ಚಿಯನ್ನು ಅಡ್ಡಾದಿಡ್ಡಿ ಎಳೆದು ಹೋಗಬಾರದೇ ಅಂತ ನನಗೆ ಎಷ್ಟೋ ಸಲ ಅನಿಸಿದೆ. ಅಣ್ಣ ಭಾನುವಾರ ಫೋನ್ ಮಾಡಿ "ಆರಾಮಾ?" ಅನ್ನುತ್ತಾನೆ. ನಾನು "ಆ..." ಅನ್ನುವಷ್ಟರಲ್ಲಿ "ಸರಿ ಸರಿ, ಇಡ್ತೀನಿ" ಅನ್ನುತ್ತಾನೆ.

ಹೀಗಿರುವಾಗ ಆಸ್ಪತ್ರೆಯವರು ಒಂದು ಯಂತ್ರ ತರಿಸುತ್ತಾರೆ ಅನ್ನುವ ಸುದ್ದಿ ಬಂತು. 'ಹೆರಿಗೆ ವಿಭಾಗಕ್ಕೆ ಒಂದು ಒತ್ತಿ, ಮೂಳೆ ವಿಭಾಗಕ್ಕೆ ಎರಡು ಒತ್ತಿ' ಅಂತ ಹೇಳುವ ಯಂತ್ರ. ನಾನು ಹಂಗಾಮಿ ನೌಕರಿಯವಳು. ಯಂತ್ರ ಬಂದ ದಿನ ನನ್ನನ್ನೂ ಒಂದು ಗುಂಡಿ ಒತ್ತಿ ಆಚೆ ಕಳಿಸುತ್ತಾರೆ. ಉಳಿದ ದಾರಿ ಒಂದೇ, ಸರ್ಕಾರಿ ಗುಮಾಸ್ತೆ ಹುದ್ದೆಯ ಪರೀಕ್ಷೆ. ಎರಡು ಸಲ ಬರೆದಿದ್ದೆ, ಎರಡು ಸಲವೂ ಮಣ್ಣು ಮುಕ್ಕಿದ್ದೆ, ಅದೂ ಸಾಮಾನ್ಯ ವಿಜ್ಞಾನದಲ್ಲಿ, ಅದರಲ್ಲೂ ಈ ಹಾಳು ವಿಶ್ವ, ನಕ್ಷತ್ರ, ಗ್ಯಾಲಕ್ಸಿಗಳಲ್ಲಿ. ಈ ಸಲದ್ದು ಕೊನೆಯದು. ಮುಂದಿನ ವರ್ಷ ನನಗೆ ವಯಸ್ಸು ಮೀರುತ್ತದೆ.

ಕಂಪ್ಯೂಟರಿನ ಧ್ವನಿಯಲ್ಲಿ ಪಾಠ ಕೇಳಬಹುದು, ಕೇಳಿಯೂ ನೋಡಿದೆ. ಅದು 'ಸೂರ್ಯ ನಾಳೆ ಸಾಯುತ್ತದೆ' ಅನ್ನುವುದನ್ನೂ 'ಮುಂದಿನ ಪುಟಕ್ಕೆ ಹೋಗಿ' ಅನ್ನುವುದನ್ನೂ ಒಂದೇ ರಾಗದಲ್ಲಿ ಓದುತ್ತದೆ. ತಲೆಗೆ ಒಂದಕ್ಷರ ಹತ್ತಲಿಲ್ಲ. ಕೊನೆಗೆ, ನಮ್ಮಂಥವರಿಗಾಗಿ ಪುಸ್ತಕ ಓದಿಸಿ ರೆಕಾರ್ಡ್ ಮಾಡಿಕೊಡುವ ಒಂದು ಗ್ರಂಥಾಲಯಕ್ಕೆ ಹೋದೆ. ಅಲ್ಲಿ ರೆಕಾರ್ಡಿಂಗ್ ನೋಡಿಕೊಳ್ಳುವವನಿಗೆ ನಾನಿಟ್ಟ ಹೆಸರು ಕತ್ತರಿ. ಓದುವವರು ಕೆಮ್ಮಿದರೆ ಕತ್ತರಿಸುತ್ತಾನೆ, ಬೀದಿಯಲ್ಲಿ ಹಾರ್ನ್ ಆದರೆ ಕತ್ತರಿಸುತ್ತಾನೆ. ಎಲ್ಲ ಕತ್ತರಿಸಿ, ಒಗೆದು, ಇಸ್ತ್ರಿ ಮಾಡಿ ಕೈಗೆ ಕೊಡುವಷ್ಟರಲ್ಲಿ ತಿಂಗಳು ಕಳೆದಿರುತ್ತದೆ.

"ಅಷ್ಟು ದಿನ ನಾನೇನು ಕಡ್ಲೆಕಾಯಿ ಸುಲೀತಾ ಕೂರ್ಲಾ?" ಅಂದೆ. "ಹಸೀದೇ ಕೊಡು. ಕೆಮ್ಮು, ಹಾರ್ನು ಎಲ್ಲಾ ನಾನು ಸಹಿಸ್ಕೋತೀನಿ."

"ಹಾಗೆಲ್ಲ ಕೊಡೋ ಹಾಗಿಲ್ಲ ಮೇಡಂ."

"ಹಾಗಾದ್ರೆ ದಿನಾ ಬಂದು ನಿನ್ನ ತಲೆ ತಿಂತೀನಿ."

ಒಂದು ವಾರ ತಲೆ ತಿಂದೆ. ಕೊಟ್ಟ. ಯಾರು ಓದಿದ್ದು ಅಂತ ಕೇಳಿದ್ದಕ್ಕೆ, ನಿವೃತ್ತ ಸರ್ವೇಯರ್ ಒಬ್ಬರು, ಮನೆಯಲ್ಲೇ ಓದಿ ಕಳಿಸುತ್ತಾರೆ, ಹೆಸರು ಹೇಳುವ ಹಾಗಿಲ್ಲ ಅಂದ. ಇರಲಿ, ನನಗೆ ಸರ್ವೇಯರ್ ಅಂದರೆ ಸಾಕು.

ಆಹಾ, ಎಂಥ ಧ್ವನಿ ಅಂತೀರಿ! ಒರಟು, ಆದರೆ ಒಂದೊಂದು ಅಕ್ಷರವೂ ಅಳೆದು ಕಲ್ಲು ನೆಟ್ಟ ಹಾಗೆ. ಹಿಂದೆ ಗೋಡೆ ಗಡಿಯಾರದ ಟಿಕ್ ಟಿಕ್. ಅದರ ಜೊತೆ ಇನ್ನೊಂದು ಸಣ್ಣ ಸದ್ದು, ಟಪ್, ಟಪ್, ಟಪ್. ಏನಿದು ಅಂತ ನನಗೆ ಮೊದಲು ಹೊಳೆಯಲಿಲ್ಲ. ಆಮೇಲೆ ಗೊತ್ತಾಯಿತು, ಯಾರೋ ಬಟಾಣಿ ಬಿಡಿಸಿ ಪಾತ್ರೆಗೆ ಹಾಕುತ್ತಿದ್ದಾರೆ. ಸರ್ವೇಯರ್ ಗಂಭೀರವಾಗಿ "ವಿಶ್ವದ ವಯಸ್ಸು ಸುಮಾರು ಸಾವಿರದ ಮುನ್ನೂರ ಎಂಬತ್ತು ಕೋಟಿ ವರ್ಷ" ಅಂತ ಓದಿದರು. ಟಪ್ ನಿಂತಿತು. ಒಂದು ಹೆಂಗಸಿನ ಧ್ವನಿ ಕೇಳಿತು.

"ರೀ, ಟೀ ತಣ್ಣಗಾಗ್ತಿದೆ."

"ಥೂ, ರೆಕಾರ್ಡ್ ಆಗ್ತಿದೆ ಕಣೇ!"

"ಆಗ್ಲಿ ಬಿಡಿ. ಸಾವಿರ ಕೋಟಿ ವರ್ಷ ಕಾದಿದೆ, ಟೀ ಕುಡಿಯೋವರ್ಗೂ ಕಾಯಲ್ವಾ?"

ನಾನು ಹಾಸಿಗೆ ಮೇಲೆ ಬಿದ್ದು ಬಿದ್ದು ನಕ್ಕೆ. ನನ್ನ ಕೋಣೆಯಲ್ಲಿ ಅಷ್ಟು ಹೊತ್ತು ಮೂರು ಜನ ಇದ್ದರು ಅಂತ ನನಗೆ ಅನಿಸಿತು. ಆಕೆಗೆ ಬಟಾಣಿಯಮ್ಮ ಅಂತ ಹೆಸರಿಟ್ಟೆ.

ಬಟಾಣಿಯಮ್ಮನ ಬಾಯಿಗೆ ಬೀಗ ಇರಲಿಲ್ಲ. ಗಂಡ ಓದುತ್ತಿದ್ದರೆ ನಡುವೆ ಬಾಯಿ ಹಾಕಿ ಪ್ರಶ್ನೆ ಕೇಳುತ್ತಿದ್ದಳು. ಆ ಪ್ರಶ್ನೆಗಳಿಂದಲೇ ನನಗೆ ಪಾಠ ಅರ್ಥವಾಗಿದ್ದು. ಸರ್ವೇಯರ್ "ಜ್ಯೋತಿರ್ವರ್ಷವು ದೂರದ ಅಳತೆ" ಅಂತ ಓದಿದರೆ ಆಕೆ, "ವರ್ಷ ಅಂತೀರಿ, ದೂರ ಅಂತೀರಿ, ಏನ್ರೀ ಇದು?" ಅನ್ನುವಳು. ಅವರು ಸಿಡಿಮಿಡಿ ಅಂತ, "ನಿನ್ನ ತಂಗಿ ಮನೆ ಎಷ್ಟು ದೂರ ಅಂದ್ರೆ ಹತ್ತು ನಿಮಿಷದ ದಾರಿ ಅನ್ನಲ್ವಾ? ಹಾಗೇ ಇದು, ಬೆಳಕು ಒಂದು ವರ್ಷ ನಡೆದಷ್ಟು ದಾರಿ" ಅನ್ನುವರು. ನಾನು ಎರಡು ಪರೀಕ್ಷೆಯಲ್ಲಿ ತಪ್ಪು ಬರೆಸಿದ್ದ ಪ್ರಶ್ನೆ ಅದು, ಆವತ್ತಿಂದ ಮರೆತಿಲ್ಲ. ಭೂಮಿಗೆ ಅತಿ ಹತ್ತಿರದ ನಕ್ಷತ್ರ ಯಾವುದು ಅಂತ ಅವರೇ ಪರೀಕ್ಷೆ ಮಾಡಿದಾಗ, ಆಕೆ ತಟ್ಟನೆ, "ಸೂರ್ಯ ಅಲ್ವಾ? ಅವನೂ ನಕ್ಷತ್ರ ಅಂತ ನೀವೇ ಅಂದಿದ್ದು. ಬೆಳಗ್ಗೆ ಬಟ್ಟೆ ಒಣಗಿಸ್ತೀನಲ್ಲ ಅವನ ಕೈಲಿ" ಅಂದಿದ್ದಳು. ಕೆಂಪು ನಕ್ಷತ್ರಕ್ಕಿಂತ ನೀಲಿ ನಕ್ಷತ್ರವೇ ಬಿಸಿ ಅಂದಾಗ ಆಕೆ ಒಪ್ಪದೆ ಜಗಳಕ್ಕೇ ನಿಂತಳು. ಅವರು "ಬಾ, ಗ್ಯಾಸಿನ ನೀಲಿ ಉರಿ ತೋರಿಸ್ತೀನಿ" ಅಂತ ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋದರು. ರೆಕಾರ್ಡಿಂಗಿನಲ್ಲಿ ಅಷ್ಟು ಹೊತ್ತೂ ಬರೀ ಗಡಿಯಾರ. ಆಮೇಲೆ ಚಪ್ಪಲಿ ಎಳೆಯುವ ಸದ್ದು, ಆಕೆಯ "ಸರಿ, ಓದಿ ಮುಂದೆ" ಅನ್ನುವ ಗೊಣಗು. ಬಣ್ಣವೇ ಗೊತ್ತಿಲ್ಲದ ನನಗೂ ಆ ಪಾಠ ಬಾಯಿಪಾಠವಾಯಿತು.

ಆರನೇ ಪಾಠ ನಕ್ಷತ್ರಗಳ ನಡುವಿನ ದೂರದ್ದು. ಪುಸ್ತಕದ ಸೊನ್ನೆಗಳನ್ನು ಓದಿ ಓದಿ ಸರ್ವೇಯರಿಗೇ ಬೇಸರ ಬಂದಿರಬೇಕು. "ಕೊಡು ಇಲ್ಲಿ ಒಂದು ಬಟಾಣಿ" ಅಂದರು. "ಇದು ಸೂರ್ಯ ಅನ್ಕೋ. ಇಲ್ಲಿಂದ ಒಂದು ಗಜ ದೂರದಲ್ಲಿ ಭೂಮಿ, ಕಣ್ಣಿಗೆ ಕಾಣೋದೂ ಕಷ್ಟ, ಧೂಳಿನ ಕಣದಷ್ಟು. ಈಗ ಹೇಳು, ಮುಂದಿನ ಬಟಾಣಿ ಎಲ್ಲಿ?"

"ಈ ಪಾತ್ರೇಲಿ."

"ಅಲ್ಲ. ಬಸ್ ಹತ್ತಿ ಅರ್ಧ ದಿನ ಕೂರ್ಬೇಕು. ಇನ್ನೂರು ಕಿಲೋಮೀಟರ್ ದಾಟಿ ಇಳಿದ್ರೆ ಅಲ್ಲಿ ಇನ್ನೊಂದು ಬಟಾಣಿ."

ಟಪ್ ಟಪ್ ನಿಂತೇಹೋಯಿತು. "ಅಯ್ಯೋ ಪಾಪ. ಅಷ್ಟು ದೂರಕ್ಕೂ ಇವನೊಬ್ಬನೇನಾ? ಹೌದೂ ರೀ, ಹಾಗಾದ್ರೆ ಎರಡು ಬಟಾಣಿ ನಡುವೆ ಏನಿದೆ?"

"ಆಮೇಲೆ ಹೇಳ್ತೀನಿ, ಸುಮ್ನಿರು. ಪಾಠ ಮುಗಿಲಿ."

ಪಾಠ ಮುಗಿಯಿತು. ರೆಕಾರ್ಡರ್ ನಿಂತಿತು. ಆಮೇಲೆ ಏನು ಹೇಳಿದರೋ ನನಗೆ ಗೊತ್ತಿಲ್ಲ. ನಾನು ಮಾರನೆಯ ದಿನ ಅಂಗಡಿಯಿಂದ ಒಂದು ಮುಷ್ಟಿ ಬಟಾಣಿ ತಂದು, ಅದರಲ್ಲಿ ಒಂದನ್ನು ಮೇಜಿನ ಮೇಲಿಟ್ಟುಕೊಂಡೆ. ಓದುವಾಗ ಬೆರಳಿಗೆ ತಾಗುತ್ತಿತ್ತು. ಇನ್ನೂರು ಕಿಲೋಮೀಟರಿನಾಚೆ ಇನ್ನೊಂದು ಕೋಣೆ, ಅಲ್ಲಿ ಇನ್ನೊಂದು ಮೇಜು, ಅಂತೆಲ್ಲ ಯೋಚಿಸುತ್ತಿದ್ದೆ. ಯಾಕೋ ಆ ದಿನಗಳಲ್ಲಿ ತುಂಬ ಒಂಟಿ ಅನಿಸುತ್ತಿತ್ತು, ಆದರೂ ಆ ಪಾಠವನ್ನೇ ಮತ್ತೆ ಮತ್ತೆ ಹಾಕಿ ಕೇಳುತ್ತಿದ್ದೆ.

ಏಳನೇ ಪಾಠ ಬರುವುದು ತಡವಾಯಿತು. ತಿಂಗಳುಗಟ್ಟಲೆ ತಡ. ಬಂದಾಗ ಹಾಕಿದರೆ ಅದೇ ಧ್ವನಿ, ಅದೇ ಗಡಿಯಾರ, ಆದರೆ ಬಟಾಣಿ ಇಲ್ಲ. ಆಕಾಶಗಂಗೆ ಸುರುಳಿಯಾಕಾರದ್ದು, ಅದರ ಒಂದು ತೋಳಿನಲ್ಲಿ ನಮ್ಮ ಸೂರ್ಯ ಇದೆ ಅಂತೆಲ್ಲ ಸರ್ವೇಯರ್ ಒಂದೇ ಸಮನೆ ಓದಿಕೊಂಡು ಹೋದರು. ಒಂದೊಂದು ಪ್ಯಾರಾ ಮುಗಿದಾಗ ಸ್ವಲ್ಪ ಹೊತ್ತು ನಿಲ್ಲಿಸುತ್ತಿದ್ದರು, ಯಾರಾದರೂ ಏನಾದರೂ ಕೇಳಲಿ ಅನ್ನುವ ಹಾಗೆ. ಯಾರೂ ಕೇಳಲಿಲ್ಲ. ಮತ್ತೆ ಓದುತ್ತಿದ್ದರು. ಬಟಾಣಿಯಮ್ಮ ಊರಿಗೆ ಹೋಗಿರಬೇಕು ಅಂದುಕೊಂಡೆ. ಏನೇ ಹೇಳಿ, ಪಾಠ ಮಾತ್ರ ಉಪ್ಪು ಹಾಕದ ಸಾರಾಗಿತ್ತು.

ಎಂಟನೆಯದು ಬರಲೇ ಇಲ್ಲ. ಕೊನೆಯ ಪಾಠ, ನಕ್ಷತ್ರಗಳ ಹುಟ್ಟು ಸಾವಿನದು, ಅತಿ ಹೆಚ್ಚು ಅಂಕ ಅದಕ್ಕೇ. ಪರೀಕ್ಷೆಗೆ ತಿಂಗಳೊಂದು ಉಳಿದಿದ್ದಾಗ ಕತ್ತರಿಗೆ ಫೋನ್ ಮಾಡಿ ದಬಾಯಿಸಿದೆ.

"ಅವರು ಇನ್ಮೇಲೆ ಓದಲ್ಲವಂತೆ ಮೇಡಂ. ಬೇರೆಯವರ ಕೈಲಿ ಓದಿಸ್ತೀವಿ, ಮೂರು ತಿಂಗಳಾಗುತ್ತೆ."

"ಮೂರು ತಿಂಗಳಿಗೆ ನನ್ನ ಪರೀಕ್ಷೆಯೇ ಮುಗಿದಿರುತ್ತಲ್ಲೋ ಮಾರಾಯ!"

"ನಾನೇನು ಮಾಡ್ಲಿ?" ಅಂದ. ಅವನಾದರೂ ಏನು ಮಾಡಿಯಾನು. ಆದರೆ ನನಗೆ ಸರ್ವೇಯರ್ ಮೇಲೆ ಕೆಟ್ಟ ಕೋಪ ಬಂತು. ಕೈ ಹಿಡಿದು ಅರ್ಧ ದಾರಿ ನಡೆಸಿ, ರಸ್ತೆ ನಡುವೆ ಬಿಟ್ಟು ಹೋಗುತ್ತಾರಲ್ಲ, ಅಂಥವರ ಮೇಲೆ ಬರುವ ಕೋಪ.

ಅದಾಗಿ ನಾಲ್ಕೈದು ದಿನಕ್ಕೆ, ಮಧ್ಯಾಹ್ನದ ಊಟ ಮುಗಿಸಿ ಹೆಡ್‌ಫೋನ್ ಹಾಕಿಕೊಂಡೆ. ಕರೆ ಬಂತು. "ಆಸ್ಪತ್ರೆ, ಹೇಳಿ."

"ನೋಡೀಮ್ಮ, ನಿಮ್ಮಲ್ಲಿ ಫೋನ್ ಮಾಡಿದಾಗ 'ಈ ಕರೆ ಧ್ವನಿಮುದ್ರಣ ಆಗಬಹುದು' ಅಂತ ಬರುತ್ತಲ್ಲ..."

ಅದೇ ಧ್ವನಿ. ಅಳೆದು ಕಲ್ಲು ನೆಡುವ ಅದೇ ಧ್ವನಿ. ಅವರು ಇನ್ನೂ ಏನೋ ಹೇಳುತ್ತಿದ್ದರು, ಯಾವುದೋ ವಾರ್ಡಿನಿಂದ ಮನೆಗೆ ಬಂದ ಕರೆ, ಹಳೆಯ ರೆಕಾರ್ಡು ಸಿಗುತ್ತದಾ ಅಂತ. ನನ್ನ ಕಿವಿಗೆ ಹೋದದ್ದು ಅರ್ಧವೂ ಇಲ್ಲ. ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ.

"ಎಂಟನೇ ಪಾಠ ಯಾವಾಗ ಓದ್ತೀರಿ?" ಅಂದುಬಿಟ್ಟೆ.

ಆ ಕಡೆ ಗಡಿಯಾರದ ಟಿಕ್ ಟಿಕ್ ಮಾತ್ರ.

"ನೀವೇ ಅಲ್ವಾ ಸರ್ವೇಯರು? ಒಂದನೇ ಪಾಠದಿಂದ ಕೇಳ್ತಾ ಇದೀನಿ ನಿಮ್ಮನ್ನ. ಮುಂದಿನ ತಿಂಗಳು ನನ್ನ ಪರೀಕ್ಷೆ ಇದೆ. ಹೀಗೆ ಕೈಕೊಟ್ರೆ ನಮ್ಮ ಗತಿ ಏನು?"

ಫೋನ್ ಇಟ್ಟುಬಿಟ್ಟರು.

ಇಟ್ಟ ಮೇಲೆ ಅವರು ಹೇಳಿದ್ದು ಒಂದೊಂದಾಗಿ ನನ್ನ ತಲೆಯೊಳಗೆ ಇಳಿಯಿತು. ವಾರ್ಡು. ಮನೆಗೆ ಮಾಡಿದ ಕರೆ. ಹಳೆಯ ರೆಕಾರ್ಡು. ಏಳನೇ ಪಾಠದಲ್ಲಿ ಇಲ್ಲದ ಬಟಾಣಿ. ಅಯ್ಯೋ ನನ್ನ ನಾಲಿಗೆಗೆ ಬೆಂಕಿ ಬೀಳ! ಬಟಾಣಿಯಮ್ಮ ಊರಿಗೆ ಹೋಗಿರಲಿಲ್ಲ. ಈ ಆಸ್ಪತ್ರೆಗೆ ಬಂದಿದ್ದಳು, ನನ್ನ ತಲೆಯ ಮೇಲಿನ ಯಾವುದೋ ಮಹಡಿಯಲ್ಲಿ ಮಲಗಿದ್ದಳು, ವಾರ್ಡಿನ ಫೋನಿನಿಂದ ಮನೆಗೆ ಮಾತಾಡಿದ್ದಳು. ವಾರ್ಡಿನಿಂದ ಹೊರಗೆ ಹೋಗುವ ಕರೆ ನನ್ನ ಬೋರ್ಡಿಗೆ ಬರುವುದಿಲ್ಲ, ನೇರ ಹೋಗುತ್ತದೆ. ಬಂದಿದ್ದರೆ ನಾನು ಖಂಡಿತ ಗುರುತು ಹಿಡಿಯುತ್ತಿದ್ದೆ. ಈಗ ಆಕೆ ಇಲ್ಲ. ಆ ಮನುಷ್ಯ ಆಕೆಯ ಧ್ವನಿ ಎಲ್ಲಾದರೂ ಉಳಿದಿದೆಯಾ ಅಂತ ಹುಡುಕುತ್ತಿದ್ದಾರೆ.

ಬಂದ ಕೊನೆಯ ನಂಬರಿಗೆ ಮರಳಿ ಕರೆ ಮಾಡುವ ಗುಂಡಿ ಬೋರ್ಡಿನಲ್ಲಿದೆ. ಒತ್ತಿದೆ. ತುಂಬ ಹೊತ್ತು ರಿಂಗ್ ಆಗಿ ಎತ್ತಿದರು.

"ತಪ್ಪಾಯ್ತು. ಇಡಬೇಡಿ," ಅಂದೆ. "ಆಸ್ಪತ್ರೆಯವರು ಕರೆಗಳನ್ನ ತಿಂಗಳಿಗೆ ಅಳಿಸಿಬಿಡ್ತಾರೆ. ಇಲ್ಲಿ ಏನೂ ಸಿಗಲ್ಲ."

"ಗ್ರಂಥಾಲಯದಲ್ಲೂ ಕೇಳ್ದೆ," ಅಂದರು. ಧ್ವನಿ ಈಗ ಒಣಗಿಹೋಗಿತ್ತು. "ಎಲ್ಲಾ ಕತ್ತರಿಸಿ ಕ್ಲೀನ್ ಮಾಡ್ಬಿಟ್ಟಿದೀವಿ ಅಂದ್ರು. ಮೂವತ್ತು ವರ್ಷ ಜೊತೇಲಿದ್ವಿ. ಫೋಟೋ ರಾಶಿ ಇದೆ. ಓದಿದ್ದನ್ನ ಕಳಿಸಿದ ಮೇಲೆ ನಾನೂ ಅಳಿಸ್ತಿದ್ದೆ, ಧ್ವನಿ ಒಂದು ತುಣುಕೂ ಇಲ್ಲ. ಮೊನ್ನೆ ನೆನಪು ಮಾಡ್ಕೊಳಕ್ಕೆ ಹೋದೆ, ಬರ್ಲಿಲ್ಲ. ಹೇಗೆ ಕರೀತಿದ್ಲು ಅಂತಾನೇ ಬರ್ಲಿಲ್ಲ."

ಚೀಲದಿಂದ ಫೋನ್ ತೆಗೆದೆ, ಒಂದನೇ ಪಾಠ ಹುಡುಕಿದೆ, ಬೋರ್ಡಿನ ಮೈಕಿಗೆ ಹಿಡಿದೆ. ಸ್ವಂತ ಮಾತಿಗೆ ಆಸ್ಪತ್ರೆ ಲೈನ್ ಬಳಸಿದರೆ ಮೇಲಿನವರು ಬೈಯುತ್ತಾರೆ. ಬೈದುಕೊಳ್ಳಲಿ. ಬೇರೆ ಕರೆಗಳು ಗುಂಯ್‌ಗುಡತೊಡಗಿದವು. ಕಾಯಲಿ.

"ರೀ, ಟೀ ತಣ್ಣಗಾಗ್ತಿದೆ."

ಆ ಕಡೆ ಏನೋ ಕೆಳಗೆ ಬಿದ್ದ ಸದ್ದಾಯಿತು. ಆಮೇಲೆ ಅವರು, "ಇನ್ನೊಂದ್ಸಲ," ಅಂದರು.

ಹಾಕಿದೆ.

"ಇನ್ನೊಂದ್ಸಲ."

ಎಷ್ಟು ಸಲ ಹಾಕಿದೆನೋ. ಅವರು ಅಳುತ್ತಿದ್ದರು, ನಾನೂ ಅಳುತ್ತಿದ್ದೆ, ಮೂಳೆ ವಿಭಾಗದವರು ಬೇರೆ ಲೈನಿನಲ್ಲಿ ಹಲೋ ಹಲೋ ಅಂತ ಕೂಗುತ್ತಿದ್ದರು. ಕೊನೆಗೆ ನಾನೇ, "ಆರು ಪಾಠದಲ್ಲೂ ಇದಾರೆ. ನಿಮ್ಮ ಮೊಬೈಲ್ ನಂಬರ್ ಕೊಡಿ, ಎಲ್ಲಾ ಕಳಿಸ್ತೀನಿ" ಅಂದೆ. ಎಂಟನೇ ಪಾಠದ ಮಾತು ನಾನು ಎತ್ತಲಿಲ್ಲ. ಗಂಟಲವರೆಗೆ ಬಂದಿತ್ತು, ನುಂಗಿಕೊಂಡೆ.

ಮನೆಗೆ ಬಂದು ಒಂದೊಂದನ್ನೇ ಕಳಿಸಿದೆ. ಐದರವರೆಗೆ ಸಲೀಸು. ಆರನೆಯದಕ್ಕೆ ಬಂದಾಗ ಕೈ ತಡೆಯಿತು. ಅದರಲ್ಲಿ 'ಆಮೇಲೆ ಹೇಳ್ತೀನಿ, ಸುಮ್ನಿರು' ಇದೆಯಲ್ಲ. ಆ ಮನುಷ್ಯ ಹೆಂಡತಿಯ ದನಿಗೆ ಹಂಬಲಿಸಿ ಕೂತಿದ್ದಾರೆ, ಆಕೆಯ ಬಾಯಿಂದ ಬಂದ ಕೊನೆಯ ಪ್ರಶ್ನೆಗೆ ತಾನು ಗದರಿದ್ದೇ ಅವರ ಕಿವಿಗೆ ಬೀಳುತ್ತದೆ. ಆ ಒಂದು ತುಂಡು ಕತ್ತರಿಸಿ ಕಳಿಸಿದರೆ ಯಾರಿಗೆ ಗೊತ್ತಾಗುತ್ತದೆ? ಫೋನಿನಲ್ಲಿ ಕತ್ತರಿಸುವುದು ಹೇಗೆ ಅಂತ ನನಗೆ ಗೊತ್ತು. ಬೆರಳು ಅಲ್ಲೇ ಇತ್ತು. ನನಗೊಂದು ಸ್ವಾರ್ಥವೂ ಇತ್ತು, ಸುಳ್ಳು ಯಾಕೆ ಹೇಳಲಿ? ಅವರ ಮನಸ್ಸು ಮುರಿದರೆ ನನ್ನ ಪಾಠವೂ ಹೋಯಿತು, ಕೆಲಸವೂ ಹೋಯಿತು.

ಆದರೆ ಕತ್ತರಿಸಿದರೆ ಆಕೆಯ ಪ್ರಶ್ನೆಯೂ ಹೋಗುತ್ತಿತ್ತು. ಆಕೆ ಎಷ್ಟು ಕನಿಕರದಿಂದ 'ಅಯ್ಯೋ ಪಾಪ' ಅಂದಿದ್ದಳು! ಇಡೀ ವಿಶ್ವದಲ್ಲಿ ಸೂರ್ಯನಿಗೆ ಪಾಪ ಅಂದವಳು ಅವಳೊಬ್ಬಳೇ ಇರಬೇಕು. ಆದದ್ದಾಗಲಿ ಅಂತ ಇಡಿಯಾಗಿಯೇ ಕಳಿಸಿದೆ.

ಉತ್ತರ ಬರಲಿಲ್ಲ. ಮಾರನೆಯ ದಿನವೂ ಇಲ್ಲ, ಆ ವಾರವೂ ಇಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಬೋರ್ಡಿಗೆ ಬಂದ ಒಂದೊಂದು ಕರೆಗೂ ಕಿವಿ ನಿಮಿರಿಸಿ ಕೂತಿದ್ದೆ, ಅವರಲ್ಲ. ನೆಲಮಾಳಿಗೆಗೆ ಎಂಜಿನಿಯರುಗಳು ಬಂದು ಹೊಸ ಯಂತ್ರಕ್ಕೆ ಗೋಡೆ ಕೊರೆದು ತಂತಿ ಎಳೆದರು. ಒಬ್ಬ ನನ್ನ ಮುಂದೆಯೇ ನಿಂತು, "ಈ ಟೇಬಲ್ ತೆಗೆದ್ರೆ ಜಾಗ ಸರಿಹೋಗುತ್ತೆ" ಅಂದ. ಆ ಟೇಬಲ್ಲಿನ ಮುಂದೆ ನಾನು ಕೂತಿದ್ದೆ ಮಾರಾಯರೇ. ನಾನು ಕಂಪ್ಯೂಟರ್ ಧ್ವನಿಯಲ್ಲೇ ಎಂಟನೇ ಪಾಠ ಕೇಳಲು ಶುರುಮಾಡಿದೆ. ಬಿಳಿ ಕುಬ್ಜ, ಕೆಂಪು ದೈತ್ಯ, ನ್ಯೂಟ್ರಾನ್ ನಕ್ಷತ್ರ, ಕಪ್ಪು ಕುಳಿ. ಒಂದು ಕಿವಿಯಿಂದ ಬಂದು ಇನ್ನೊಂದರಿಂದ ಹೋಯಿತು. ಮೇಜಿನ ಮೇಲಿದ್ದ ಬಟಾಣಿ ಒಣಗಿ ಸುಕ್ಕುಗಟ್ಟಿತ್ತು. ಆ ದಿನಗಳಲ್ಲಿ ಮಾತಾಡಲು ಯಾರೂ ಇಲ್ಲದೆ ಕುರ್ಚಿಗೇ ಬೈಯುತ್ತಿದ್ದೆ.

ಪರೀಕ್ಷೆಯ ಹಿಂದಿನ ಶುಕ್ರವಾರ ಊಟದ ಹೊತ್ತಿನಲ್ಲಿ ಫೋನ್ ಮಿಡಿಯಿತು. ಧ್ವನಿ ಕಡತ ಒಂದು ಬಂದಿತ್ತು. ಡಬ್ಬಿ ಮುಚ್ಚಿಟ್ಟು, ಕೈ ಒರೆಸಿಕೊಂಡು ಹಾಕಿದೆ.

ಗಡಿಯಾರ. ಅದರ ಜೊತೆ ಟಪ್. ತುಂಬ ಹೊತ್ತಿನ ಮೇಲೆ ಇನ್ನೊಂದು ಟಪ್. ಒಂದು ಉರುಳಿ ನೆಲಕ್ಕೆ ಬಿತ್ತು. "ಹಾಳಾದ್ದು," ಅಂದರು ಸರ್ವೇಯರ್. ಅವರೇ ಬಟಾಣಿ ಬಿಡಿಸುತ್ತಿದ್ದರು, ಅಭ್ಯಾಸವಿಲ್ಲದ ಕೈ. ಆಮೇಲೆ ಗಂಟಲು ಸರಿಮಾಡಿಕೊಂಡು ಶುರುಮಾಡಿದರು. "ಪಾಠ ಎಂಟು. ನಕ್ಷತ್ರಗಳ ಹುಟ್ಟು ಮತ್ತು ಸಾವು."

ಅನಿಲ ಮತ್ತು ಧೂಳಿನ ಮೋಡ ತನ್ನ ಭಾರಕ್ಕೇ ಕುಸಿದು ನಕ್ಷತ್ರ ಹುಟ್ಟುವುದು, ಅದರ ಒಡಲಲ್ಲಿ ಹೈಡ್ರೋಜನ್ ಬೆಸೆದು ಹೀಲಿಯಂ ಆಗುವುದು, ಸೂರ್ಯನಂಥವನು ಕೊನೆಗಾಲಕ್ಕೆ ಊದಿ ಕೆಂಪು ದೈತ್ಯನಾಗಿ, ಮೈಯ ಹೊರಪದರ ಕಳಚಿ ಬಿಳಿ ಕುಬ್ಜನಾಗಿ ಉಳಿಯುವುದು, ಅವನಿಗಿಂತ ಬಹಳ ಭಾರದವರು ಸಿಡಿದು ನ್ಯೂಟ್ರಾನ್ ನಕ್ಷತ್ರವೋ ಕಪ್ಪು ಕುಳಿಯೋ ಆಗುವುದು. ಒಂದೊಂದು ಮಾತೂ ನನ್ನೊಳಗೆ ಹೋಗಿ ಕೂತಿತು. ಯಾಕೆಂದರೆ ಅವರು ಒಬ್ಬರೇ ಓದುತ್ತಿರಲಿಲ್ಲ. ಪ್ಯಾರಾ ಮುಗಿದಲ್ಲಿ "ಯಾಕೆ ಊದುತ್ತೆ ಅಂತ ಕೇಳ್ತಿದ್ಲು ಇವಳು" ಅಂತ ತಾವೇ ಪ್ರಶ್ನೆ ಹಾಕಿ, ತಾವೇ ಸಿಡಿಮಿಡಿಯಿಂದ ಉತ್ತರ ಹೇಳುತ್ತಿದ್ದರು.

ಸಿಡಿದ ನಕ್ಷತ್ರದ ಪ್ಯಾರಾ ಮುಗಿದಾಗ ನಿಲ್ಲಿಸಿದರು. ಪುಸ್ತಕ ಮುಚ್ಚಿದ ಸದ್ದು ಕೇಳಿತು.

"ಇಲ್ಲಿ ಕೇಳೇ," ಅಂದರು. ಧ್ವನಿ ನನ್ನ ಕಡೆಗಿರಲಿಲ್ಲ, ರೆಕಾರ್ಡರಿನ ಕಡೆಗೂ ಇರಲಿಲ್ಲ. ಪಕ್ಕಕ್ಕೆ ತಿರುಗಿತ್ತು. "ಎರಡು ಬಟಾಣಿ ನಡುವೆ ಏನಿದೆ ಅಂತ ಕೇಳಿದ್ಯಲ್ಲ. ಆಮೇಲೆ ಹೇಳ್ತೀನಿ ಅಂದಿದ್ದೆ. ಆವತ್ತು ಸಂಜೆ ನಿನಗೆ ಜ್ವರ ಬಂತು, ಮರೆತೇಹೋಯ್ತು. ಖಾಲಿ ಇಲ್ಲ ಕಣೇ. ಅನಿಲ ಇದೆ, ಧೂಳಿದೆ. ತುಂಬಾ ತೆಳು. ಒಂದು ಚಮಚ ಹಿಡಿಯೋ ಜಾಗದಲ್ಲಿ ಬೆರಳಲ್ಲಿ ಎಣಿಸೋ ಅಷ್ಟು ಪರಮಾಣು. ಇಲ್ಲವೇ ಇಲ್ಲ ಅನ್ಸುತ್ತೆ, ಆದ್ರೆ ಇದೆ. ಹೋದ ನಕ್ಷತ್ರಗಳು ಬಿಟ್ಟುಹೋಗಿದ್ದೂ ಅದರಲ್ಲಿ ಸೇರ್ಕೊಂಡಿರುತ್ತೆ, ಎಲ್ಲೂ ಹೋಗಲ್ಲ. ಮುಂದಿನ ನಕ್ಷತ್ರ ಅದರಿಂದಾನೇ ಆಗೋದು." ಒಂದು ಕಾಯಿ ಸೀಳಿದ ಸದ್ದು. "ತಡ ಆಯ್ತು. ಕೋಪ ಮಾಡ್ಕೋಬೇಡ. ಹೇಳಿದೀನಿ ಈಗ."

ಒಂದು ಟಪ್. ಮತ್ತೆ ಪುಸ್ತಕ ತೆರೆದು ಅಭ್ಯಾಸ ಪ್ರಶ್ನೆಗಳನ್ನು ಓದತೊಡಗಿದರು. ನಾನು ಹೆಡ್‌ಫೋನ್ ತೆಗೆದಿಟ್ಟು, ಒಗೆಯುವ ಯಂತ್ರಗಳ ಸದ್ದಿನಲ್ಲಿ ಯಾರಿಗೂ ಕೇಳಿಸದ ಹಾಗೆ ಅತ್ತೆ.

ಪರೀಕ್ಷೆಯಲ್ಲಿ ನಾನು ಹೇಳಿದ್ದನ್ನು ಬರೆಯಲು ಒಬ್ಬ ಕಾಲೇಜು ಹುಡುಗಿಯನ್ನು ಕೊಟ್ಟಿದ್ದರು. ಅವಳು ಪ್ರಶ್ನೆ ಓದುತ್ತಿದ್ದಳು. ಭೂಮಿಗೆ ಅತಿ ಹತ್ತಿರದ ನಕ್ಷತ್ರ ಯಾವುದು? "ಸೂರ್ಯ. ಬಟ್ಟೆ ಒಣಗಿಸುವವನು," ಅಂದೆ. "ಬಟ್ಟೆ ಅಂತಾನೂ ಬರೀಲಾ?" ಅಂದಳು, ಪಾಪ. ಕೆಂಪೋ ನೀಲಿಯೋ ಬಂತು, ಜ್ಯೋತಿರ್ವರ್ಷ ಬಂತು, ಬಿಳಿ ಕುಬ್ಜ ಬಂತು. ಎರಡು ಬಟಾಣಿಯ ನಡುವಿನದು ಬರಲಿಲ್ಲ. ಅದೊಂದು ಬರಬೇಕಿತ್ತು ಅಂತ ನನಗೆ ಬೇಜಾರಾಯಿತು.

ಪಾಸಾದೆ. ಗುಮಾಸ್ತೆ ಕೆಲಸದ ಆದೇಶ ಬಂತು. ಸರ್ವೇಯರಿಗೆ ಫೋನ್ ಮಾಡಿ ಹೇಳಿದರೆ, "ಗೊತ್ತಿತ್ತು ಬಿಡು. ಇವಳು ಮೇಷ್ಟ್ರಾದ್ರೆ ಫೇಲ್ ಹೇಗಾಗ್ತೀಯ?" ಅಂದರು. ಈಗ ಅವರು ಭೂಗೋಳ ಓದುತ್ತಿದ್ದಾರೆ. ಸಂಜೆ ಕೆಲವೊಮ್ಮೆ ನನಗೆ ಫೋನ್ ಹಚ್ಚಿ ಪಕ್ಕದಲ್ಲಿಟ್ಟುಕೊಂಡು ಓದುತ್ತಾರೆ. ನಾನು ಈ ಕಡೆಯಿಂದ ನಡುವೆ ಬಾಯಿ ಹಾಕುತ್ತೇನೆ. ಬಟಾಣಿಯಮ್ಮನಷ್ಟು ಚೆನ್ನಾಗಿ ಕೇಳಲು ನನಗೆ ಬರುವುದಿಲ್ಲ.

ಆಸ್ಪತ್ರೆಯಲ್ಲಿ ನನ್ನ ಕೊನೆಯ ವಾರ ಕತ್ತರಿಯ ಕರೆ ಬಂತು.

"ಮೇಡಂ, ಸರ್ವೇಯರ್ ಎಂಟನೇ ಪಾಠ ನಮಗೂ ಕಳಿಸಿದಾರೆ, ಕ್ಲೀನ್ ಮಾಡ್ತಾ ಇದೀನಿ. ಮಧ್ಯೆ ಅವರು ಯಾರ ಜೊತೇನೋ ಮಾತಾಡಿದಾರೆ. ಆ ಕಡೆಯಿಂದ ಯಾರೂ ಮಾತಾಡೋದೇ ಕೇಳಲ್ಲ. ಕತ್ತರಿಸ್ಲಾ?"

"ಮುಟ್ಟಿದ್ರೆ ಕೈ ಮುರೀತೀನಿ," ಅಂದೆ. "ಮೊದಲ ಆರು ಪಾಠದ ಹಸಿ ರೆಕಾರ್ಡೂ ನನ್ನ ಹತ್ರ ಇದೆ. ಕಳಿಸ್ತೀನಿ, ಅವೂ ಹಾಗೇ ಇರಲಿ. ಸರ್ವೇಯರನ್ನ ಕೇಳಿದೀನಿ, ಹೂಂ ಅಂದಿದಾರೆ."

"ಆದ್ರೆ ಮೇಡಂ, ಆ ಮಾತು ಪುಸ್ತಕದಲ್ಲಿ ಇಲ್ಲವಲ್ಲ?"

"ಇಲ್ಲ," ಅಂದೆ. "ಪುಸ್ತಕದವರು ಬಿಟ್ಟುಬಿಟ್ಟಿದ್ರು."